ಸಿಟ್ಟಿಗೊಂದು ವಾಯಿದೆ ಕೊಡಿ: ಪಾಸ್ಟರೇಟ್ ಸಮಿತಿಗಳ ಹೊಸ ಸದಸ್ಯರಿಗೆ ಬಹಿರಂಗ ಪತ್ರ

ಕರ್ತನಲ್ಲಿ ಪ್ರಿಯರಾದ ಸಭಾ ಹಿರಿಯರೇ, ಸಮಿತಿಗೆ ಹೊಸದಾಗಿ ಆಯ್ಕೆಯಾದ ಅಣ್ಣಂದಿರೇ, ಅಕ್ಕಂದಿರೇ,

ಚುನಾವಣೆ ಮುಗಿಯಿತು. ಗೆದ್ದವರು ಹಾರ ಹಾಕಿಸಿಕೊಂಡದ್ದಾಯಿತು, ಸೋತವರು ಆರಾಧನೆಗೆ ತಡವಾಗಿ ಬಂದು ಆಶೀರ್ವಾದಕ್ಕೆ ಮೊದಲೇ ಎದ್ದು ಹೋದದ್ದೂ ಆಯಿತು. ಇನ್ನು ಮೇಲೆ ಲೆಕ್ಕಪತ್ರ, ಸ್ಮಶಾನದ ಜಾಗ, ಶಾಲೆಯ ಕಟ್ಟಡ, ಗಾಯನ ತಂಡದ ಮನಸ್ತಾಪ, ಸುಗ್ಗಿ ಹಬ್ಬದ ಹರಾಜು ಎಲ್ಲವೂ ನಿಮ್ಮ ಮೇಜಿಗೇ ಬರುತ್ತವೆ. ಅವುಗಳ ಬೆನ್ನಿಗೇ ಸಿಟ್ಟೂ ಬರುತ್ತದೆ. ಅದಕ್ಕೇ ಈ ಪತ್ರ.

ಕ್ರೈಸ್ತರು ಸಿಟ್ಟಾಗಬಾರದು ಎಂದು ಬರೆದು ನಿಮ್ಮ ಹೊತ್ತು ಹಾಳುಮಾಡುವುದಿಲ್ಲ. ಅದು ನಿಮಗೆ ಸಂಡೇ ಸ್ಕೂಲಿನಿಂದಲೇ ಗೊತ್ತು. ನನ್ನ ತಕರಾರು ಬೇರೆ. ನಮ್ಮ ಸಭೆಗಳಲ್ಲಿ ತಾಳ್ಮೆಯ ಉಪದೇಶ ಯಾವಾಗಲೂ ಮೇಲಿನಿಂದ ಕೆಳಕ್ಕೇ ಇಳಿಯುತ್ತದೆ. ಸೊಸೆಗೆ ತಾಳ್ಮೆ, ಬಡವನಿಗೆ ತಾಳ್ಮೆ, ಸಂಬಳ ಸಿಗದ ಉಪದೇಶಿಗೆ ತಾಳ್ಮೆ, ಬಾಯಿ ಬಿಟ್ಟ ಯುವಕರಿಗೆ ತಾಳ್ಮೆ. ಮೇಜಿನ ಹಿಂದೆ ಕೂತವರಿಗೆ ಮಾತ್ರ ಅದು ಐಚ್ಛಿಕ ವಿಷಯ. ಸತ್ಯವೇದ ನೋಡಿದರೆ ಲೆಕ್ಕ ತಿರುಗುಮುರುಗು. ತಾಳ್ಮೆ ಮೊದಲು ಕೇಳಿಬರುವುದು ದಂಡಿಸುವ ಶಕ್ತಿ ಇದ್ದವನ ಗುಣವಾಗಿ.

ಸೀನಾಯಿ ಬೆಟ್ಟದ ಪ್ರಸಂಗ ನೆನಪು ಮಾಡಿಕೊಳ್ಳಿ. ಜನ ಬಂಗಾರದ ಕರುವಿನ ಮುಂದೆ ಕುಣಿದು ಮುಗಿಸಿದ್ದಾರೆ. ಕಲ್ಲಿನ ಹಲಗೆಗಳು ಒಡೆದುಹೋಗಿವೆ. ದಂಡಿಸಲು ಕಾರಣವೂ ಇದೆ, ಬಲವೂ ಇದೆ. ಅಂಥ ಹೊತ್ತಿನಲ್ಲಿ ದೇವರು ಮೋಶೆಯ ಮುಂದೆ ಹಾದುಹೋಗುತ್ತಾ ತನ್ನನ್ನು ಪರಿಚಯಿಸಿಕೊಳ್ಳುವುದು ಬೇಗ ಸಿಟ್ಟುಗೊಳ್ಳದವನು ಎಂದು. ಮುಂದೆ ಯೋನನಿಗೆ ದೇವರ ಮೇಲೆ ಮುನಿಸು ಬಂದದ್ದೂ ಇದೇ ಗುಣದ ಕಾರಣಕ್ಕೆ. ನಿನೆವೆಯನ್ನು ಕೆಡವುತ್ತೀಯ ಎಂದು ನಾನು ಸಾರಿ ಬಂದರೆ ನೀನು ಕ್ಷಮಿಸಿಬಿಟ್ಟೆಯಲ್ಲ ಎಂಬುದು ಅವನ ದೂರು. ಇಂಥ ಯೋನರು ನಮ್ಮ ಎಲ್ಲ ಸಮಿತಿಗಳಲ್ಲೂ ಇದ್ದಾರೆ. ತಪ್ಪು ಮಾಡಿದವನು ತಿದ್ದಿಕೊಂಡರೆ ಅವರಿಗೆ ನಿರಾಸೆ.

ಕ್ಷಮಿಸದ ಸೇವಕನ ಸಾಮ್ಯದಲ್ಲೂ ಇದೇ ಮಾತಿದೆ. ಒಬ್ಬನ ಸಾಲ ಹತ್ತು ಸಾವಿರ ತಲಾಂತು, ಇನ್ನೊಬ್ಬನದು ನೂರು ದಿನಾರಿ. ದಿನಾರಿ ಎಂದರೆ ಆ ಕಾಲದ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಂದರೆ ಮೊದಲನೆಯವನದು ಆರು ಕೋಟಿ ದಿನದ ಕೂಲಿ, ಏಳೇಳು ಜನ್ಮಕ್ಕೂ ತೀರದ ಸಾಲ. ಎರಡನೆಯವನದು ಮೂರು ತಿಂಗಳ ದುಡಿಮೆ. ಇಬ್ಬರೂ ಕಾಲಿಗೆ ಬಿದ್ದು ಬೇಡಿದ್ದು ಒಂದನ್ನೇ: ಸ್ವಲ್ಪ ಸಮಯ. ಅರಸ ಮೊದಲನೆಯವನ ಸಾಲವನ್ನೇ ಬಿಟ್ಟುಬಿಟ್ಟ, ಅವನೋ ಹೊರಗೆ ಬಂದು ಎರಡನೆಯವನ ಕುತ್ತಿಗೆ ಹಿಡಿದ. ಸಮಯ ಕೊಡುವ ಅಧಿಕಾರ ಇದ್ದದ್ದು ಕುತ್ತಿಗೆ ಹಿಡಿದವನ ಕೈಯಲ್ಲಿ. ತಾಳ್ಮೆಯ ಪರೀಕ್ಷೆ ಆಗಿದ್ದೂ ಅವನಿಗೇ, ಫೇಲಾದದ್ದೂ ಅವನೇ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಯಾವ ಸಭೆ ಎನ್ನುವುದು ಬೇಡ. ಕ್ರಿಸ್ಮಸ್ ಹಿಂದಿನ ರಾತ್ರಿ ಆರಾಧನೆಯ ನಡುವೆ ಕರೆಂಟು ಹೋಯಿತು. ಜನರೇಟರ್ ಎರಡು ಸಲ ಗೊರಗೊರ ಎಂದು ಸುಮ್ಮನಾಯಿತು. ಕಾರ್ಯದರ್ಶಿಗಳು ಹೊಸ ಸೂಟಿನಲ್ಲಿ ದಡದಡನೆ ಹೊರಗೆ ಬಂದು, ಗಂಟೆ ಹೊಡೆಯುವ ಮುದುಕನ ಮುಖಕ್ಕೆ ಮೊಬೈಲಿನ ಟಾರ್ಚು ಹಿಡಿದು, ಹೆಸರೆತ್ತಿ ಸಂಬಳವೆತ್ತಿ ಬೈದರು. ನಾಟಕಕ್ಕೆಂದು ದೇವದೂತೆಯ ವೇಷ ಹಾಕಿದ್ದ ಅವನ ಮೊಮ್ಮಗಳು ರಟ್ಟಿನ ರೆಕ್ಕೆಗಳ ಸಮೇತ ಪಕ್ಕದಲ್ಲೇ ನಿಂತಿದ್ದಳು. ಮುದುಕ ಏನೂ ಅನ್ನಲಿಲ್ಲ. ಡೀಸೆಲ್ ಕ್ಯಾನನ್ನು ತಲೆಕೆಳಗು ಮಾಡಿ ತೋರಿಸಿದ. ಒಂದು ಹನಿಯೂ ಬೀಳಲಿಲ್ಲ. ಡೀಸೆಲಿನ ಚೀಟಿ ಖಜಾಂಚಿಗಳ ಡ್ರಾಯರಿನಲ್ಲಿ ಸಹಿಯಾಗದೆ ಬಿದ್ದಿತ್ತು, ಏಕೆಂದರೆ ಖಜಾಂಚಿಗಳಿಗೂ ಕಾರ್ಯದರ್ಶಿಗಳಿಗೂ ಮಾತು ಬಿಟ್ಟು ಬಹಳ ದಿನವಾಗಿತ್ತು. ಮುಂದಿನ ಭಾನುವಾರ ಕೆಲವರು ಆ ಮುದುಕನನ್ನು ಕರೆದು, ಎಷ್ಟು ತಾಳ್ಮೆ ನಿನಗೆ, ಕರ್ತನು ನಿನ್ನನ್ನು ಆಶೀರ್ವದಿಸಲಿ ಎಂದರು.

ಹಿರಿಯರೇ, ಅದು ತಾಳ್ಮೆಯೋ, ಬೇರೆ ದಾರಿಯಿಲ್ಲದ ಮೌನವೋ ಆ ಮುದುಕನಿಗೇ ಗೊತ್ತು. ಆ ರಾತ್ರಿ ತಾಳ್ಮೆ ತೋರಿಸುವ ಅವಕಾಶ ನಿಜವಾಗಿ ಇದ್ದದ್ದು ಟಾರ್ಚು ಹಿಡಿದವರಿಗೆ. ತಿರುಗಿ ಅನ್ನಲಾಗದವನು ಸುಮ್ಮನಿದ್ದದ್ದನ್ನು ಹೊಗಳುವ ಮೊದಲು, ಅನ್ನಬಲ್ಲವರು ಯಾಕೆ ಸುಮ್ಮನಿರಲಿಲ್ಲ ಎಂದು ಸಭೆ ಕೇಳಬೇಕಿತ್ತು.

ನೀವು ಹೇಳುವುದೂ ನನಗೆ ಗೊತ್ತು: ಗದರದಿದ್ದರೆ ಕೆಲಸ ಆಗುವುದಿಲ್ಲ. ಇದಕ್ಕೆ ಮೋಶೆಯ ಕಥೆಯಲ್ಲೇ ಉತ್ತರವಿದೆ. ಭೂಮಿಯ ಮೇಲಿನವರಲ್ಲೆಲ್ಲ ಬಹು ಸಾತ್ವಿಕನೆಂದು ಅರಣ್ಯಕಾಂಡ ಹೊಗಳುವುದು ಅವನನ್ನು. ಕಾದೇಶಿನಲ್ಲಿ ಅಕ್ಕ ಮಿರ್ಯಾಮಳನ್ನು ಮಣ್ಣು ಮಾಡಿದ್ದಾನೆ. ನೀರಿಲ್ಲ. ಜನ ಹಳೆಯ ರಾಗ ಎತ್ತಿದ್ದಾರೆ. ಬಂಡೆಗೆ ಮಾತಾಡು ಎಂದು ಅಪ್ಪಣೆಯಾಗಿದೆ. ಅವನೋ ಜನರನ್ನು ದ್ರೋಹಿಗಳೆಂದು ಜರೆದು, ಕೋಲೆತ್ತಿ ಬಂಡೆಗೆ ಎರಡು ಸಲ ಬಾರಿಸುತ್ತಾನೆ. ಆಮೇಲೆ ಆದದ್ದನ್ನು ಗಮನಿಸಿ: ನೀರು ಬಂತು. ಸಮೃದ್ಧವಾಗಿ ಬಂತು. ಜನ ಕುಡಿದರು, ದನಕರು ಕುಡಿದವು. ಅವತ್ತೇ ಸಮಿತಿ ಸೇರಿದ್ದರೆ ಮೋಶೆಯ ಕಾರ್ಯದಕ್ಷತೆಯನ್ನು ಕೊಂಡಾಡಿ ನಿರ್ಣಯ ಮಾಡುತ್ತಿತ್ತು. ಆದರೆ ವಾಗ್ದತ್ತ ದೇಶಕ್ಕೆ ಆ ಜನರನ್ನು ಕರೆದೊಯ್ಯುವ ಭಾಗ್ಯ ಅವನಿಗೆ ತಪ್ಪಿತು.

ಸಿಟ್ಟಿನಿಂದ ಕೆಲಸ ಆಗುವುದಿಲ್ಲ ಎಂದು ನಾನು ವಾದಿಸುವುದಿಲ್ಲ. ಎಷ್ಟೋ ಸಲ ಆಗುತ್ತದೆ. ಕೂಗಾಡಿದ ಮೇಲೆ ಬಾಗಿಲು ತೆರೆಯುತ್ತದೆ, ಫೈಲು ಓಡುತ್ತದೆ, ಬಾಕಿ ವಂತಿಗೆ ವಸೂಲಾಗುತ್ತದೆ. ಮೋಸ ಇರುವುದೇ ಅಲ್ಲಿ. ನೀರು ಬಂದದ್ದನ್ನು ನೋಡಿ ಬಾರಿಸಿದ್ದು ಸರಿಯಾಯಿತೆಂದು ನಾವು ತೀರ್ಮಾನಿಸುತ್ತೇವೆ. ಮೋಶೆಗೆ ಅಕ್ಕ ಸತ್ತ ದುಃಖವಿತ್ತು, ವಯಸ್ಸಾಗಿತ್ತು, ಜನರ ಗೊಣಗಾಟ ಕೇಳಿ ಕೇಳಿ ಸಾಕಾಗಿತ್ತು. ಇಷ್ಟೆಲ್ಲ ಇದ್ದರೂ ನಾಯಕನಾದ್ದರಿಂದ ಅವನಿಗೆ ವಿನಾಯಿತಿ ಸಿಗಲಿಲ್ಲ. ನಿಮ್ಮ ಮನೆಯ ಚಿಂತೆ, ಆಫೀಸಿನ ತಲೆನೋವು, ಏರಿದ ಬಿ.ಪಿ. ಯಾವುದೂ ಸುಳ್ಳಲ್ಲ. ಆದರೆ ಅವುಗಳ ಬಿಲ್ಲನ್ನು ಸಭೆಯ ಮೇಲೆ ಹಾಕಬೇಡಿ.

ಸಿಟ್ಟಿನ ಮಾತೆತ್ತಿದ ಕೂಡಲೇ ಯಾರಾದರೊಬ್ಬರು ದೇವಾಲಯದಲ್ಲಿ ಯೇಸುಸ್ವಾಮಿ ಮೇಜುಗಳನ್ನು ಕೆಡವಿದ ಪ್ರಸಂಗವನ್ನು ಮುಂದಿಡುತ್ತಾರೆ. ಸರಿ, ಮಾರ್ಕನ ಸುವಾರ್ತೆಯ 11ನೆಯ ಅಧ್ಯಾಯವನ್ನೇ ನಿಧಾನವಾಗಿ ಓದಿ. ಯೇಸು ಯೆರೂಸಲೇಮಿಗೆ ಬಂದ ದಿನವೇ ದೇವಾಲಯಕ್ಕೆ ಹೋಗುತ್ತಾನೆ, ಸುತ್ತಲೂ ಎಲ್ಲವನ್ನೂ ನೋಡುತ್ತಾನೆ. ಹೊತ್ತು ಇಳಿದಿತ್ತು, ಹನ್ನೆರಡು ಮಂದಿಯೊಂದಿಗೆ ಬೇಥಾನ್ಯಕ್ಕೆ ಹೊರಟುಹೋಗುತ್ತಾನೆ. ಮೇಜುಗಳು ಉರುಳಿದ್ದು ಮರುದಿನ. ಕಂಡದ್ದನ್ನು ಕಂಡ ಮೇಲೆ ಒಂದು ರಾತ್ರಿ ಕಳೆದಿತ್ತು. ಅದೂ ತನಗಾದ ಅವಮಾನಕ್ಕಲ್ಲ. ದೂರದಿಂದ ಬಂದ ಬಡ ಯಾತ್ರಿಕರ ಪ್ರಾರ್ಥನೆಯ ಜಾಗವನ್ನು ಪೇಟೆ ಮಾಡಿದ್ದಕ್ಕೆ. ಸ್ವಂತ ಅವಮಾನವಾದ ದಿನ, ಉಗುಳಿದಾಗ, ಹೊಡೆದಾಗ, ಆತ ತಿರುಗಿ ಬೈಯಲಿಲ್ಲ. ನಮ್ಮ ಸಿಟ್ಟನ್ನು ಈ ಎರಡು ತಕ್ಕಡಿಯಲ್ಲೂ ತೂಗಿ ನೋಡೋಣ. ಬಡವನ ಪರವಾಗಿ ಒಂದು ರಾತ್ರಿ ತಡೆದು ಬಂದ ಸಿಟ್ಟೋ, ಆಹ್ವಾನಪತ್ರಿಕೆಯಲ್ಲಿ ಹೆಸರು ಕೆಳಗೆ ಬಂತೆಂದು ಆ ಕ್ಷಣಕ್ಕೇ ಭುಗಿಲೆದ್ದ ಸಿಟ್ಟೋ?

ಅಧಿಕಾರಸ್ಥನ ಸಿಟ್ಟಿಗೆ ಕಡಿವಾಣ ಹಾಕುವ ಕೆಲಸವನ್ನು ಒಂದು ಕಾಲದಲ್ಲಿ ಸಭೆಯೇ ಮಾಡಿತ್ತು. ಕ್ರಿ.ಶ. 390ರಲ್ಲಿ ಥೆಸಲೊನೀಕದಲ್ಲಿ ಜನಪ್ರಿಯ ರಥದ ಓಟಗಾರನೊಬ್ಬನನ್ನು ಸೇನಾಧಿಕಾರಿ ಬುಥೆರಿಕ್ ಸೆರೆಗೆ ಹಾಕಿದ. ಬಿಡುಗಡೆಗೆ ಒಪ್ಪದಿದ್ದಾಗ ಜನ ದಂಗೆಯೆದ್ದು ಅವನನ್ನೇ ಕೊಂದರು. ಸುದ್ದಿ ಕೇಳಿದ ಚಕ್ರವರ್ತಿ ಥಿಯೊಡೋಸಿಯಸ್ ಕೆಂಡಾಮಂಡಲನಾಗಿ ಸೇಡಿನ ಅಪ್ಪಣೆ ಕಳಿಸಿದ. ಆಮೇಲೆ ಮನಸ್ಸು ಬದಲಿಸಿ ಅದನ್ನು ತಡೆಯಲು ಹೊರಟನಂತೆ, ಹೊತ್ತು ಮೀರಿತ್ತು. ಸೈನಿಕರು ಊರಿನವರನ್ನು ಕಂಡಕಂಡಂತೆ ಕಡಿದರು. ಸಭೆಯ ಇತಿಹಾಸಕಾರ ಥಿಯೊಡೊರೆಟ್ ಕೊಡುವ ಸಂಖ್ಯೆ 7,000. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಅನ್ನುವುದು ಇದನ್ನೇ.

ಮಿಲಾನಿನ ಬಿಷಪ್ ಆಂಬ್ರೋಸ್ ಅರಮನೆಯ ಮುಂದೆ ಕೂಗಾಡಲಿಲ್ಲ. ಚಕ್ರವರ್ತಿಯ ಕಣ್ಣಿಗೆ ಮಾತ್ರ ಬೀಳಲೆಂದು ತಾನೇ ಕೈಯಾರೆ ಒಂದು ಗುಟ್ಟಿನ ಪತ್ರ ಬರೆದ: ಪಶ್ಚಾತ್ತಾಪ ಪಡುವ ತನಕ ನಿಮ್ಮೆದುರು ಕರ್ತನ ಭೋಜನ ನಡೆಸಲಾರೆ ಎಂಬುದು ಅದರ ಸಾರ. ಥಿಯೊಡೋಸಿಯಸ್ ರಾಜಲಾಂಛನ ಕಳಚಿಟ್ಟು ಸಭೆಯ ನಡುವೆ ಪ್ರಾಯಶ್ಚಿತ್ತ ಮಾಡಿಕೊಂಡ. ನನಗೆ ಮುಖ್ಯವೆನಿಸುವುದು ಆಮೇಲಿನ ಸಂಗತಿ. ಥಿಯೊಡೊರೆಟ್ ಹೇಳುವ ಪ್ರಕಾರ ಆಂಬ್ರೋಸ್ ಒಂದು ಕಾನೂನು ಕೇಳಿದ: ಮರಣದಂಡನೆಯ ಆಜ್ಞೆ ಹೊರಟರೂ 30 ದಿನ ಅದು ಜಾರಿಯಾಗಬಾರದು, ಸಿಟ್ಟಿಳಿದ ಮೇಲೆ ಮತ್ತೆ ಓದಿ ನೋಡಬೇಕು. ಮೂವತ್ತು ದಿನದ ತಡೆಯ ಕಾನೂನು ರೋಮನ್ ಕಾನೂನು ಸಂಗ್ರಹದಲ್ಲಿ ಇವತ್ತಿಗೂ ಇದೆ.

ಆಂಬ್ರೋಸ್ ಚಕ್ರವರ್ತಿಗೆ ಸಮಾಧಾನದಿಂದಿರಿ ಎಂದು ಬುದ್ಧಿ ಹೇಳಿ ಮನೆಗೆ ಹೋಗಲಿಲ್ಲ. ಸ್ವಭಾವವನ್ನು ನಂಬದೆ ನಿಯಮ ಮಾಡಿಸಿದ. ಒಳ್ಳೆಯವರಿಗೂ ಸಿಟ್ಟು ಬರುತ್ತದೆ, ಸಿಟ್ಟು ಬಂದವರ ಕೈಯಲ್ಲಿ ಅಧಿಕಾರವೂ ಇದ್ದರೆ ಒಳ್ಳೆಯತನವೊಂದನ್ನೇ ನಂಬಿ ಕೂರಲಾಗುವುದಿಲ್ಲ ಎಂಬುದು ಅವನಿಗೆ ತಿಳಿದಿತ್ತು. ನಮ್ಮಲ್ಲಿ ತಾಳ್ಮೆಯನ್ನು ಹುಟ್ಟುಗುಣವೆಂದೇ ನೋಡುತ್ತೇವೆ. ಫಲಾನವರು ಶಾಂತ ಸ್ವಭಾವದವರು, ಫಲಾನವರಿಗೆ ಮೂಗಿನ ತುದಿಯಲ್ಲೇ ಕೋಪ, ಏನು ಮಾಡೋದು ಅನ್ನುತ್ತೇವೆ. ಏನು ಮಾಡಬಹುದೆಂಬುದಕ್ಕೆ 390ರಷ್ಟು ಹಿಂದೆಯೇ ಒಂದು ಮಾದರಿ ಸಿಕ್ಕಿದೆ.

ಇಷ್ಟು ದೂರ ಹೋಗುವುದೂ ಬೇಡ. ನಾವು ಸೇರಿದ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ. ಸಭೆಯೇ ತಾಳ್ಮೆಯಿಂದ ಹುಟ್ಟಿದ್ದು. 1919ರಲ್ಲಿ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಪಾದ್ರಿಗಳು ಕೂತು, ಹೀಗೆ ಚೂರುಚೂರಾಗಿ ಇರುವುದು ಸರಿಯಲ್ಲ ಎಂದರು. ಮಾತುಕತೆ ಮುಗಿದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಒಂದಾದದ್ದು 1947ರ ಸೆಪ್ಟೆಂಬರ್ 27ರಂದು. ನಡುವೆ 28 ವರ್ಷ. ಬಿಷಪ್ಪರು ಬೇಕೋ ಬೇಡವೋ, ಯಾರ ಅಭಿಷೇಕ ಸಲ್ಲುತ್ತದೆ, ಯಾರದು ಸಲ್ಲುವುದಿಲ್ಲ ಎಂಬ ಪ್ರಶ್ನೆಗಳ ಮೇಲೆ ಎಷ್ಟೋ ಸಲ ಮಾತು ಮುರಿದು ಬೀಳುವಂತಾಯಿತು. ತರಂಗಂಬಾಡಿಯಲ್ಲಿ ಮುಂದಾಳಾಗಿದ್ದ ದೋರ್ಣಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ 1945ರ ಜನವರಿ 1ರಂದು ತೀರಿಕೊಂಡರು. ತಾವು ದುಡಿದ ಐಕ್ಯವನ್ನು ಅವರು ನೋಡಲಿಲ್ಲ. ಅವರೆಲ್ಲ ಸಿಟ್ಟು ಬಂದಾಗಲೆಲ್ಲ ಎದ್ದು ಹೋಗಿದ್ದರೆ, ಈಗ ನೀವು ಆಯ್ಕೆಯಾಗಿರುವ ಸಮಿತಿಯೇ ಇರುತ್ತಿರಲಿಲ್ಲ. ಅಂಥವರ ಮಕ್ಕಳು ನಾವು, ಒಂದು ಧ್ವನಿವರ್ಧಕದ ಖರೀದಿಗೆ ಕೋರ್ಟು ಮೆಟ್ಟಿಲು ಹತ್ತುತ್ತೇವೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅಧಿಕಾರಸ್ಥರು ತಾಳ್ಮೆ ಕಲಿಯಲಿ ಎಂದರೆ, ಅನ್ಯಾಯವನ್ನು ಮುಚ್ಚಿಹಾಕಲಿ ಎಂದಲ್ಲ. ಗಂಡನ ಏಟು ತಿಂದು ಬಂದ ಹೆಣ್ಣುಮಗಳಿಗೆ ತಾಳ್ಮೆಯ ಪಾಠ ಹೇಳಿ ಅದೇ ಮನೆಗೆ ವಾಪಸು ಕಳಿಸುವುದು ಕ್ರಿಸ್ತೀಯ ಗುಣವಲ್ಲ, ಹೊಡೆಯುವವನಿಗೆ ಕೊಟ್ಟ ಪರವಾನಗಿ. ಅವಳಿಗೆ ಬೇಕಾದ್ದು ಇರಲು ಸುರಕ್ಷಿತವಾದ ಜಾಗ ಮತ್ತು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಆಸರೆ. ಸಭೆಯ ಹಣ ಕಾಣೆಯಾದರೆ ಲೆಕ್ಕ ಕೇಳುವವರನ್ನು ನಿಮಗೆ ಸಮಾಧಾನವಿಲ್ಲ ಎಂದು ಬಾಯಿ ಮುಚ್ಚಿಸುವುದೂ ಇದೇ ಜಾತಿಯದು. ಮಗುವಿಗೆ ಕಿರುಕುಳವಾದಾಗಲಂತೂ ತಾಳ್ಮೆಯ ಮಾತೇ ಸಲ್ಲದು. ಆ ಹೊತ್ತೇ ಪೊಲೀಸರಿಗೆ ತಿಳಿಸಬೇಕು.

ಸಿಟ್ಟನ್ನು ಬಿಡುವುದೂ ನ್ಯಾಯವನ್ನು ಬಿಡುವುದೂ ಬೇರೆ ಬೇರೆ ಎಂಬುದನ್ನು ನಮ್ಮ ಕಾಲದಲ್ಲಿ ತೋರಿಸಿಕೊಟ್ಟವರು ಗ್ಲಾಡಿಸ್ ಸ್ಟೇನ್ಸ್. 1999ರ ಜನವರಿ 22ರ ರಾತ್ರಿ ಕಳೆಯುವಾಗ ಒಡಿಶಾದ ಕೆಂದುಝರ್ ಜಿಲ್ಲೆಯ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ ಸ್ಟೇನ್ಸ್‌ರನ್ನೂ, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿಯನ್ನೂ ಗಾಡಿಯೊಳಗೆ ಮಲಗಿದ್ದಂತೆಯೇ ಸುಟ್ಟರು. ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಆಕೆ ಹೇಳಿದರು. ಕೂಡಲೇ ಊರು ಬಿಟ್ಟು ಹೋಗಲಿಲ್ಲ, ಬಾರಿಪದದಲ್ಲೇ ಇದ್ದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅತ್ತ ಕಾನೂನು ತನ್ನ ದಾರಿಯಲ್ಲಿ ನಡೆಯಿತು. 2003ರಲ್ಲಿ ಮುಖ್ಯ ಆರೋಪಿ ದಾರಾ ಸಿಂಗ್ ಅಪರಾಧಿ ಎಂದು ತೀರ್ಪಾಗಿ ಮರಣದಂಡನೆ ವಿಧಿಸಲಾಯಿತು, ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಆಕೆಯ ಕ್ಷಮೆಯಿಂದ ನ್ಯಾಯಾಲಯದ ಕೆಲಸ ನಿಲ್ಲಲಿಲ್ಲ, ನ್ಯಾಯಾಲಯದ ಕೆಲಸದಿಂದ ಕ್ಷಮೆಯೂ ಸುಳ್ಳಾಗಲಿಲ್ಲ. ಅಷ್ಟಾಗಿಯೂ, ಆ ಕ್ಷಮೆಯನ್ನು ಬೇರೆ ಯಾರೂ ಆಕೆಯ ಮೇಲೆ ಹೇರುವಂತಿರಲಿಲ್ಲ. ಅದು ಆಕೆ ತಾನಾಗಿ ಕೊಟ್ಟದ್ದು.

ಈಗ ನಿಮ್ಮಿಂದ ಏನು ಬೇಕು ಎನ್ನುವುದಕ್ಕೆ ಬರುತ್ತೇನೆ. ಪ್ರಾರ್ಥನೆ ಮಾಡಿ ಎನ್ನುವುದು ಇದ್ದೇ ಇದೆ. ಅದರ ಜೊತೆಗೆ ನಾಲ್ಕು ನಿಯಮ ಮಾಡಿ.

ಮೊದಲನೆಯದು, ಯಾರ ಮೇಲಾದರೂ ಶಿಸ್ತುಕ್ರಮದ ಮಾತು ಬಂದರೆ, ಬಂದ ದಿನವೇ ತೀರ್ಮಾನ ಬೇಡ. ಮೂವತ್ತು ದಿನ ಇಟ್ಟುಕೊಳ್ಳಿ, ಆ ನಡುವೆ ಅವನ ಮಾತನ್ನೂ ಕೇಳಿ. ಹಣ ಪೋಲಾಗುವ ಅಥವಾ ಯಾರಿಗಾದರೂ ಅಪಾಯವಾಗುವ ಸಂಗತಿಗಳಿಗೆ ಮಾತ್ರ ಈ ವಾಯಿದೆ ಸಲ್ಲದು. ಅಲ್ಲಿ ಆ ದಿನವೇ ಆಗಬೇಕಾದ್ದು ಆಗಲಿ.

ಎರಡನೆಯದು, ಮತ್ತಾಯನ 18ನೆಯ ಅಧ್ಯಾಯದ ಕ್ರಮ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬರೇ ಹೋಗಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಅದಕ್ಕೂ ಕೇಳದಿದ್ದರೆ ಸಭೆಯ ಮುಂದೆ. ನಾವು ಕೊನೆಯ ಮೆಟ್ಟಿಲಿನಿಂದ ಶುರುಮಾಡುತ್ತೇವೆ. ಈಗಂತೂ ಸಭೆಯ ವಾಟ್ಸಾಪ್ ಗುಂಪೇ ಮೊದಲ ಮೆಟ್ಟಿಲು. ಸಮಿತಿಯವರು ಯಾರನ್ನೂ ಆ ಗುಂಪಿನಲ್ಲಿ ಹೆಸರಿಸಿ ಬೈಯಕೂಡದು, ರಾತ್ರಿ ಊಟವಾದ ಮೇಲೆ ಯಾವ ತಕರಾರಿಗೂ ಉತ್ತರ ಬರೆಯಕೂಡದು. ಬೆಳಗ್ಗೆ ಎದ್ದು ಬರೆದ ಪತ್ರ ಅರ್ಧದಷ್ಟು ಚಿಕ್ಕದಾಗಿರುತ್ತದೆ.

ಮೂರನೆಯದು, ಸಭೆಯಲ್ಲಿ ಸಂಬಳಕ್ಕಿರುವವರನ್ನು, ಗಂಟೆ ಹೊಡೆಯುವವರಿಂದ ಹಿಡಿದು ಶಾಲೆಯ ಆಯಾ ತನಕ, ಜನರೆದುರು ಗದರಿಸುವ ಹಕ್ಕು ಯಾರಿಗೂ ಇಲ್ಲ. ಹೇಳುವುದಿದ್ದರೆ ವೆಸ್ಟ್ರಿಯೊಳಗೆ ಕೂರಿಸಿ ಹೇಳಿ. ಕೂರಿಸಿ ಎಂದದ್ದು ಬೇಕೆಂದೇ. ನಿಂತವನಿಗೆ ಕೂತವರು ಹೇಳುವ ಮಾತಿನಲ್ಲಿ ಬೈಗುಳ ಬೇಗ ಸೇರಿಕೊಳ್ಳುತ್ತದೆ.

ನಾಲ್ಕನೆಯದು ಕರ್ತನ ಭೋಜನಕ್ಕೆ ಸಂಬಂಧಿಸಿದ್ದು. 1950ರಲ್ಲಿ ಸಿ.ಎಸ್.ಐ. ತನ್ನ ಆರಾಧನಾ ಕ್ರಮ ಸಿದ್ಧಮಾಡಿದಾಗ ಸಮಾಧಾನ ಹಂಚಿಕೊಳ್ಳುವ ಪದ್ಧತಿಯನ್ನು ಅದರಲ್ಲಿ ಸೇರಿಸಿತು. ಒಬ್ಬರ ಕೈಯನ್ನು ಇನ್ನೊಬ್ಬರು ತಮ್ಮ ಎರಡು ಅಂಗೈಗಳ ನಡುವೆ ತೆಗೆದುಕೊಂಡು, ಯಜ್ಞವೇದಿಯಿಂದ ಕೊನೆಯ ಬೆಂಚಿನ ತನಕ ದಾಟಿಸುತ್ತಾ ಹೋಗುವುದು. ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗಬೇಕೆಂಬ ಬೆಟ್ಟದ ಪ್ರಸಂಗದ ಮಾತು ಅಲ್ಲಿ ಕೈಗೇ ಬರುತ್ತದೆ. ಆ ಹೊತ್ತಿನಲ್ಲಿ ಹಾಡಿನ ಪುಸ್ತಕ ಹುಡುಕುವ ನೆಪದಲ್ಲಿ ಬಗ್ಗುವವರನ್ನು ನೀವೂ ನೋಡಿದ್ದೀರಿ. ಸಮಿತಿಯ ಇಬ್ಬರ ನಡುವೆ ಮಾತಿಲ್ಲದಿದ್ದರೆ, ಅದು ಸರಿಹೋಗುವ ತನಕ ಅವರು ಆರಾಧನೆಯಲ್ಲಿ ಕಾಣಿಕೆ ತಟ್ಟೆ ಹಿಡಿಯುವುದು ಬೇಡ. ಭೋಜನಕ್ಕೆ ಬರಬೇಡಿ ಎನ್ನಲು ನಾನಾರು? ತಟ್ಟೆಯನ್ನು ಬೇರೆಯವರಿಗೆ ಕೊಡಿ ಎನ್ನುತ್ತೇನೆ, ಅಷ್ಟೇ.

ಇವೆಲ್ಲ ಸಣ್ಣ ನಿಯಮಗಳು, ಮನಸ್ಸು ಬದಲಾಗದೆ ನಿಯಮದಿಂದೇನು ಎಂದು ಕೆಲವರು ಕೇಳಬಹುದು. ಮನಸ್ಸು ಬದಲಾಗುವುದು ಆತ್ಮನ ಕೆಲಸ, ಅದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತಿನ ತನಕ ನಮ್ಮ ಸಿಟ್ಟಿನಿಂದ ಇನ್ನೊಬ್ಬರಿಗೆ ಏಟಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಕ್ರಿ.ಶ. 256ರಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯಾನ್ ತಾಳ್ಮೆಯ ಮೇಲೆ ಒಂದು ಕಿರುಹೊತ್ತಿಗೆ ಬರೆದದ್ದು, ದೀಕ್ಷಾಸ್ನಾನದ ಪ್ರಶ್ನೆಯಲ್ಲಿ ರೋಮಿನ ಬಿಷಪ್ಪರೊಂದಿಗೆ ಅವರ ಜಗಳ ತಾರಕದಲ್ಲಿದ್ದಾಗಲೇ. ಜಗಳ ಮುಗಿಯಲಿ, ಆಮೇಲೆ ತಾಳ್ಮೆಯ ವಿಚಾರ ನೋಡೋಣ ಎಂದು ಅವರು ಕಾಯಲಿಲ್ಲ. ನೀವೂ ಕಾಯಬೇಡಿ.

ಹೊಸ ಸಮಿತಿಯ ಮೊದಲ ಸಭೆಯ ಕಾರ್ಯಸೂಚಿಯಲ್ಲಿ ಈ ನಾಲ್ಕನ್ನೂ ಸೇರಿಸಿ, ಚರ್ಚಿಸಿ, ಬೇಕಾದರೆ ತಿದ್ದಿ, ನಡಾವಳಿ ಪುಸ್ತಕದಲ್ಲಿ ಬರೆದು ಅಧ್ಯಕ್ಷರಾದ ಅಯ್ಯನವರ ಸಹಿ ಹಾಕಿಸಿ. ಮುಂದಿನ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದಿದ ಮೇಲೆ, ಈ ನಿಯಮಗಳನ್ನು ಎಷ್ಟು ಪಾಲಿಸಿದಿರಿ ಎಂದು ನಾವು ಸಭಿಕರು ಕೇಳುತ್ತೇವೆ. ಗದ್ದಲ ಮಾಡದೆ ಕೇಳುವ ಜವಾಬ್ದಾರಿ ನಮ್ಮದು.

ಕರ್ತನ ಸೇವೆಯಲ್ಲಿ ನಿಮ್ಮ ಸಹೋದರ,
ಹಿಂದಿನ ಬೆಂಚಿನ ಒಬ್ಬ ಸಭಿಕ